ದೊಡ್ಡವರಂಥ ಹುಡುಗಿ

ಈಗಷ್ಟೇ ಗೆಳತಿ ಜೊತೆ ಫೋನಲ್ಲಿ ಮಾತಾಡ್ತಿದ್ದೆ. ಅವಳ ಗಂಡ ಬಂದು ಗೇಟು ತೆಗೆದ ಸದ್ದಾಯ್ತು, ಅವಳ ದನಿ ಪಕ್ಕನೆ ಇಳಿದುಹೋಯ್ತು. "ಇರೇ, ಅವರ ಮುಖ ಹೇಗಿದೆ ನೋಡ್ತೀನಿ" ಅಂತ ಫೋನ್ ಇಟ್ಟಳು. ಆ ಮನುಷ್ಯ ಎಂದೂ ಗದರಿದವರಲ್ಲ. ಗದರುತ್ತಿದ್ದದ್ದು ಅವಳಪ್ಪ, ಕುಡಿದು ಬಂದಾಗ. ಅಪ್ಪನ ಹೆಜ್ಜೆ ಸದ್ದಿನಲ್ಲೇ ಆ ರಾತ್ರಿ ಹೇಗಿರುತ್ತೆ ಅಂತ ಅಂದಾಜು ಮಾಡಿ, ತಮ್ಮನನ್ನ ಒಳಗೆ ಮಲಗಿಸಿ, ಅಮ್ಮನಿಗೆ ಧೈರ್ಯ ಹೇಳ್ತಿದ್ದ ಹುಡುಗಿ ಅವಳು. ನೆಂಟರೆಲ್ಲ "ಎಷ್ಟು ಜವಾಬ್ದಾರಿ, ದೊಡ್ಡವರ ಹಾಗೆ" ಅಂತ ಹೊಗಳೋರು. ಅವಳ ಭಯಕ್ಕೆ ನಾವೆಲ್ಲ ಸೇರಿ ಶಹಬ್ಬಾಸ್ ಹೇಳಿದ್ವಿ ಅನ್ಸುತ್ತೆ.

ಇವತ್ತಿಗೂ ಎಲ್ಲರ ಮನಸ್ಸು ಓದ್ತಾಳೆ. ಯಾರಾದ್ರೂ ಸಪ್ಪಗಿದ್ರೆ ತನ್ನದೇ ತಪ್ಪು ಅಂದ್ಕೊಳ್ತಾಳೆ. "ನಿನಗೇನು ಬೇಕೇ?" ಅಂದ್ರೆ ಮಾತ್ರ ಉತ್ತರವೇ ಇಲ್ಲ! ಇದರ ಬೇರು ಆ ಬಾಲ್ಯದಲ್ಲೇ ಇದೆ ಅನ್ಸುತ್ತೆ. ಅಮೆರಿಕದಲ್ಲಿ 1998ರಲ್ಲಿ ಪ್ರಕಟವಾದ, ಸಂಶೋಧಕರಾದ ಫೆಲಿಟ್ಟಿ, ಆಂಡಾ ಮತ್ತಿತರರ ಅಧ್ಯಯನ ಮನೆಯೊಳಗಿನ ಕುಡಿತವನ್ನೂ ಬಾಲ್ಯದ ಪೆಟ್ಟುಗಳಲ್ಲಿ ಒಂದಾಗಿ ಎಣಿಸಿತ್ತು. ಮೈಮೇಲೆ ಏಟು ಬೀಳದಿದ್ರೂ ಅದು ಪೆಟ್ಟೇ.

ನಿಮ್ಮ ಮನೆಗಳಲ್ಲೂ ಹೀಗೆ ಹೊಗಳಿಸಿಕೊಂಡ ಮಕ್ಕಳಿದ್ರಾ? ಈಗ ಹೇಗಿದ್ದಾರೆ?