ಈಗ ಯಾವ ಮಳೆ ನಡೀತದೆ?

ನಮ್ಮ ಮನೇಲಿ ಕವಿತೆ ಬರೆದವರು ಯಾರೂ ಇಲ್ಲ. ಆದ್ರೆ ಮಳೆಯನ್ನ ಹೆಸರು ಹಿಡಿದು ಕರೆಯೋ ಮನೆ ನಮ್ಮದು. ರೋಹಿಣಿ, ಮೃಗಶಿರ, ಆರಿದ್ರ, ಪುನರ್ವಸು, ಪುಷ್ಯ, ಆಶ್ಲೇಷ... ಅಜ್ಜಿ ಇವನ್ನೆಲ್ಲ ನೆಂಟರ ಹೆಸರು ಹೇಳಿದ ಹಾಗೆ ಹೇಳ್ತಿದ್ದಳು. ಒಂದು ಧಾರಾಳಿ, ಇನ್ನೊಂದು ಮುಂಗೋಪಿ, ಮತ್ತೊಂದು ಬರ್ತೀನಿ ಅಂತ ಹೇಳಿ ಕೈಕೊಡೋದು. ಶಾಲೆಯ ಪದ್ಯಗಳಿಗಿಂತ ಮೊದಲೇ ನನಗೆ ಬಾಯಿಪಾಠ ಆಗಿದ್ದು ಈ ಹೆಸರುಗಳು.

ಲೆಕ್ಕ ಸರಳ. ಸೂರ್ಯ ವರ್ಷದಲ್ಲಿ 27 ನಕ್ಷತ್ರ ದಾಟ್ತಾನೆ, ಅಂದ್ರೆ ಒಂದಕ್ಕೆ ಹದಿಮೂರೂವರೆ ದಿನ. ಏಪ್ರಿಲ್ 14ರ ಸುಮಾರಿಗೆ ಅಶ್ವಿನಿ, ಮೇ ಕೊನೆಗೆ ರೋಹಿಣಿ, ಜೂನ್ 22ರ ಹೊತ್ತಿಗೆ ಆರಿದ್ರ, ಆಗಸ್ಟ್ ಮೊದಲ ವಾರ ಆಶ್ಲೇಷ, ನವೆಂಬರ್ ಮೊದಲ ವಾರ ವಿಶಾಖ. ನಮ್ಮ ಆಫೀಸಲ್ಲಿ ಕೆಲಸಾನ ಎರಡೆರಡು ವಾರದ ಸ್ಪ್ರಿಂಟ್ ಆಗಿ ಹಂಚ್ತಾರೆ. ಮೊದಲ ಸಲ ಕೇಳಿದಾಗ ನಗು ಬಂತು. ಅಜ್ಜಿಯ ಹಿತ್ತಲು ಅದೇ ಅಳತೆಯಲ್ಲಿ ನಡೀತಿತ್ತು. ರೋಹಿಣಿಗೆ ಕುಂಬಳ, ಸೋರೆ, ಆರಿದ್ರಕ್ಕೆ ಚಪ್ಪರದವರೆ. ಒಂದೇ ವ್ಯತ್ಯಾಸ, ಸ್ಪ್ರಿಂಟ್ ಮುಗಿದಾಗ ಏನಾದ್ರೂ ತೋರಿಸಲೇಬೇಕು. ಮಳೆಗೆ ಆ ಕಟ್ಟುಪಾಡಿಲ್ಲ. ಹನಿ ಬೀಳದಿದ್ರೂ ಆ ದಿನಗಳು ಅದರ ಹೆಸರಲ್ಲೇ ಕಳೆಯುತ್ತವೆ.

ನಮ್ಮೂರು ಮುಡುಕುತೊರೆ. ಮುಡುಕು ಅಂದ್ರೆ ತಿರುವು, ತೊರೆ ಅಂದ್ರೆ ಹೊಳೆ. ಕಾವೇರಿ ತಿರುಗೋ ಜಾಗ. ಬೆಟ್ಟದ ಮೇಲೆ ಮಲ್ಲಿಕಾರ್ಜುನ, ತಲಕಾಡಿನ ಪಂಚಲಿಂಗಗಳಲ್ಲಿ ಒಬ್ಬ. ಮೇಲೆ ತಿ. ನರಸೀಪುರದಲ್ಲಿ ಕಪಿಲೆಯನ್ನೂ ಸೇರಿಸಿಕೊಂಡೇ ಹೊಳೆ ನಮ್ಮ ಕಡೆ ಬರೋದು. ಹಾಗಾಗಿ ನಮ್ಮ ತಲೆ ಮೇಲೆ ಮೋಡ ಇಲ್ಲದಿದ್ರೂ ವಯನಾಡು, ಕೊಡಗಲ್ಲಿ ಸುರಿದ ಮಳೆ ನಮ್ಮ ಹೊಳೇಲಿ ಕಾಣುತ್ತೆ. 2019ರ ಆಗಸ್ಟಲ್ಲಿ ಕಬಿನಿ ಉಕ್ಕಿ ಮೈಸೂರು–ನಂಜನಗೂಡು ರಸ್ತೆ ಬಂದ್ ಆದಾಗ ಗಾಬರಿಯಿಂದ ಮನೆಗೆ ಫೋನ್ ಮಾಡಿದ್ದೆ. ಅಜ್ಜಿ ತಣ್ಣಗೆ, "ಆಶ್ಲೇಷ ಅಲ್ವಾ ಮೊಗ, ಅದು ಹಂಗೇಯ" ಅಂದಿದ್ದಳು.

ಅದೇ ಅಜ್ಜಿಗೆ ಎರಡು ವರ್ಷದಿಂದ ಮರೆವು. ಡಾಕ್ಟರು ಡಿಮೆನ್ಷಿಯಾ ಅಂದ್ರು. ಮೊದಲು ಸಾರಿಗೆ ಉಪ್ಪು ಮರೆತಳು, ಆಮೇಲೆ ನನ್ನ ಹೆಸರು. ಈಗ ನಾನು ಹೋದ್ರೆ ಚಿಕ್ಕಪ್ಪನ ಹೆಸರಲ್ಲಿ ಕರೀತಾಳೆ. ಹೋದ ವರ್ಷ ಒಂದೇ ಪಾತಿಗೆ ಮೂರು ಸಲ ಕುಂಬಳದ ಬೀಜ ಊರಿದ್ದಳು. ಅವ್ವ ಏನೂ ಹೇಳದೆ ಹೆಚ್ಚಾದ ಸಸಿಗಳನ್ನ ಕಿತ್ತು ಅಕ್ಕಪಕ್ಕದ ಮನೆಗಳಿಗೆ ಕೊಟ್ಟಳು.

ಮೈಸೂರಿಗೆ ಕರ್ಕೊಂಡು ಹೋಗ್ತೀನಿ, ಅಲ್ಲಿ ಆಸ್ಪತ್ರೆ ಹತ್ತಿರ ಅಂತ ಚಿಕ್ಕಪ್ಪ ಹಟ ಹಿಡಿದ್ರು. ಅವರ ಮಾತಲ್ಲೂ ನ್ಯಾಯ ಇತ್ತು. ಅವ್ವ ಒಪ್ಪಲಿಲ್ಲ. "ಇಲ್ಲಿ ಅವರ ತಲೆಗೆ ಗೊತ್ತಾಗ್ದೆ ಇದ್ರೂ ಕಾಲಿಗೆ ಹಿತ್ತಲ ದಾರಿ ಗೊತ್ತು. ಮೂರನೇ ಮಹಡೀಲಿ ಏನ್ ಗೊತ್ತಾದದು?" ಅಂದಳು. ಕೊನೆಗೆ ಅಜ್ಜಿ ಊರಲ್ಲೇ ಉಳಿದಳು, ಚಿಕ್ಕಪ್ಪ ತಿಂಗಳಿಗೊಮ್ಮೆ ಆಸ್ಪತ್ರೆಗೆ ಕರ್ಕೊಂಡು ಹೋಗೋದು, ನಾನು ಒಂದು ಮಳೆಗೆ ಒಂದು ಸಲ ಬರೋದು ಅಂತ ತೀರ್ಮಾನ ಆಯ್ತು.

ಈಗ ಎರಡು ವಾರಕ್ಕೊಮ್ಮೆ ಶನಿವಾರ ಬೆಳಗ್ಗೆ ಕನಕಪುರ, ಮಳವಳ್ಳಿ ದಾಟಿ ಊರು ಸೇರ್ತೀನಿ. ಇದೇನೂ ದೊಡ್ಡ ಸೇವೆ ಅಲ್ಲ. ಉಳಿದ ಹನ್ನೆರಡು ದಿನ ರಾತ್ರಿ ಎದ್ದು ಬಾಗಿಲು ನೋಡೋಳು ಅವ್ವ. ನಾನಿರೋ ಎರಡು ದಿನ ಅವಳಿಗೆ ರಜ. ತವರಿಗೆ ಹೋಗಿ ಬರ್ತಾಳೆ, ಇಲ್ಲಾಂದ್ರೆ ಸುಮ್ಮನೆ ನಿದ್ದೆ ಮಾಡ್ತಾಳೆ. ಮನೇಲಿ ಹುಷಾರಿಲ್ಲದ ಹಿರಿಯರನ್ನ ನೋಡಿಕೊಳ್ಳೋರು ಇದ್ರೆ, ಅವರಿಗೂ ಇಂಥ ಎರಡು ದಿನ ಬೇಕು ಅನ್ನೋದನ್ನ ನಾವು ದೂರ ಇರೋರು ಲೆಕ್ಕಕ್ಕೆ ಇಟ್ಟುಕೊಳ್ಳಬೇಕು.

ಜಗಲಿ ಮೇಲೆ ಕೂತ ಅಜ್ಜಿ ಗಂಟೆಗೆ ಹತ್ತು ಸಲ ಕೇಳ್ತಾಳೆ, "ಈಗ ಯಾವ ಮಳೆ ನಡೀತದೆ?" ಗೋಡೆ ಮೇಲಿನ ಕ್ಯಾಲೆಂಡರ್ ನೋಡಿ ಹತ್ತು ಸಲಾನೂ ಹೇಳ್ತೀನಿ. "ಪುನರ್ವಸು ಅಜ್ಜಿ." "ಆಮ್ಯಾಕೆ ಪುಷ್ಯ" ಅಂತ ಅವಳೇ ಸೇರಿಸ್ತಾಳೆ. ನನ್ನ ಹೆಸರು ಸಿಗದ ದಿನವೂ ಪುಷ್ಯ ಸಿಗುತ್ತೆ. ವಿಶಾಖ ಮುಗಿದ ಮೇಲೆ ನಮ್ಮ ಮನೇಲಿ ಮಳೆಯ ಹೆಸರು ಎತ್ತೋದಿಲ್ಲ. ಆಗ "ಮಳೆ ಮುಗೀತು, ಇನ್ನು ಮಾಘಕ್ಕೆ ಜಾತ್ರೆ" ಅಂದ್ರೆ ಅವಳ ಮುಖ ಅರಳುತ್ತೆ. ದನಗಳ ಜಾತ್ರೆ, ತೇರು, ಎತ್ತಿನ ಕೊರಳ ಗೆಜ್ಜೆ ಎಲ್ಲ ನೆನಪಿಗೆ ಬರುತ್ತೆ.

ಬಿತ್ತನೆಗೆ ಎತ್ತಿಡೋ ಬೀಜಕ್ಕೆ ಹುಳ ಬೀಳದ ಹಾಗೆ ಬೂದಿ ಕಲೆಸೋದು ಅಜ್ಜಿಯ ಕೆಲಸವಾಗಿತ್ತು. ಈ ಸಲ ನಾನು ಕೂತೆ. ಬೂದಿ ಎಷ್ಟು ಹಾಕ್ಬೇಕು ಅಂತ ಕೇಳಿದೆ. ಅಜ್ಜಿಗೆ ಮಾತು ಸಿಗಲಿಲ್ಲ. ನನ್ನ ಕೈ ಪಕ್ಕಕ್ಕೆ ಸರಿಸಿ ತಾನೇ ಮಡಕೆಗೆ ಕೈ ಹಾಕಿ ಕಲೆಸಿದಳು. ಎರಡೂವರೆ ಹಿಡಿ. ಎಣಿಸಿಕೊಂಡಿದ್ದೀನಿ.