ಗೆರೆ ಎಳೆಯುವ ಕೈಗೆ ಅನ್ನವುಂಟೇ?

ಒಳಾಂಗಣ ವಿನ್ಯಾಸವೆಂದರೆ ಸಿರಿವಂತರ ಮನೆಗೆ ಬಣ್ಣ, ಪರದೆ ಆರಿಸುವ ಕೆಲಸವೆಂಬ ಭಾವನೆ ನಮ್ಮ ಕಡೆ ಇನ್ನೂ ಉಳಿದಿದೆ. ಶಿಕಾರಿಪುರದ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ಮಗಳ ವಿಚಾರವಾಗಿ ಕೇಳಿದ: "ಮೇಷ್ಟ್ರೇ, ಇವಳು ಪಿಯುಸಿಯಲ್ಲಿ ಕಲಾ ವಿಭಾಗ. ಇದಕ್ಕೇ ಅರ್ಜಿ ಹಾಕುತ್ತೇನೆ ಎನ್ನುತ್ತಾಳೆ. ವಿಜ್ಞಾನ ಓದದವಳಿಗೆ ಸೀಟು ಸಿಕ್ಕೀತೇ? ಸಿಕ್ಕರೂ ಅನ್ನಕ್ಕೆ ದಾರಿಯಾದೀತೇ?"

ಮೊದಲ ಪ್ರಶ್ನೆಗೆ ಉತ್ತರ ಸುಲಭ. 1961ರಲ್ಲಿ ಅಹಮದಾಬಾದಿನಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ 4 ವರ್ಷಗಳ ಪದವಿಗೆ ಯಾವ ವಿಭಾಗದವರೂ ಅರ್ಜಿ ಸಲ್ಲಿಸಬಹುದು. ಪೀಠೋಪಕರಣ ಮತ್ತು ಒಳಾಂಗಣ ವಿನ್ಯಾಸವೂ ಅಲ್ಲಿನ ಒಂದು ಶಾಖೆ. ಪ್ರವೇಶ ಪರೀಕ್ಷೆ 2 ಹಂತಗಳದ್ದು. ಕಂಠಪಾಠ ಅಲ್ಲಿ ನೆರವಿಗೆ ಬಾರದು. ಕಂಡದ್ದನ್ನು ಯೋಚಿಸಿ ಗೆರೆಯಲ್ಲಿ ಹೇಳಬಲ್ಲವರಿಗೆ ಅದು ಒಲಿಯುತ್ತದೆ.

ಎರಡನೆಯ ಪ್ರಶ್ನೆಗೆ ಸೊರಬ, ಸಾಗರಗಳ ಗುಡಿಗಾರರು ನೆನಪಾಗುತ್ತಾರೆ. ಶ್ರೀಗಂಧದಲ್ಲಿ ಪೆಟ್ಟಿಗೆ, ಮೂರ್ತಿ ಕೆತ್ತಿ ತಲೆಮಾರುಗಳ ಕಾಲ ಬದುಕಿದವರು ಅವರು. ಗಂಧದ ಮರ ದುರ್ಲಭವಾದಾಗ ಅವರ ಬದುಕೂ ಬಿಗಿಯಾಯಿತು. ಕೈಯ ಕುಶಲತೆಯೊಂದೇ ಸಾಲದು. ಅದನ್ನು ಹೊಸ ಸಾಮಗ್ರಿಗೆ, ಹೊಸ ಅಗತ್ಯಕ್ಕೆ ಹೊಂದಿಸುವ ವಿದ್ಯೆಯೂ ಬೇಕು. ವಿಶ್ವವಿದ್ಯಾಲಯದ ಓದು ಕೊಡಬೇಕಾದದ್ದು ಅದನ್ನೇ. ನೌಕರಿಯ ಭರವಸೆಯನ್ನು ಯಾವ ಪದವಿಯೂ ಬರೆದುಕೊಡುವುದಿಲ್ಲ.

ಆದ್ದರಿಂದ ನನ್ನ ಸಲಹೆ ಇಷ್ಟೇ: ಶುಲ್ಕ, ವಿದ್ಯಾರ್ಥಿವೇತನಗಳ ಲೆಕ್ಕವನ್ನು ತಂದೆ ಮೊದಲೇ ವಿಚಾರಿಸಲಿ. ಮಗಳು ದಿನಕ್ಕೊಂದು ಚಿತ್ರ ಬರೆಯಲಿ. ಜಗಲಿ ಏಕೆ ಎತ್ತರ, ಹೆಂಚಿನ ಮಾಡು ಏಕೆ ಇಳಿಜಾರು, ನಡುಮನೆಯ ಬೆಳಕು ಎಲ್ಲಿಂದ ಬರುತ್ತದೆ ಎಂದು ತನ್ನ ಮನೆಯನ್ನೇ ಕೇಳುತ್ತ ಬರೆಯಲಿ. ಆ ಪುಸ್ತಕ ತುಂಬುವ ಹೊತ್ತಿಗೆ, ಈ ಆಸೆ ನಿಜವಾದುದೋ ಅಲ್ಲವೋ ಎಂಬುದು ಅಪ್ಪನಿಗೂ ಮಗಳಿಗೂ ತಿಳಿದಿರುತ್ತದೆ.