ಅಗ್ಗದ ಮನೆಯ ಸುಪ್ತ ಉಷ್ಣ

ಒಂಬತ್ತನೆಯ ತರಗತಿಗೆ ಸುಪ್ತ ಉಷ್ಣದ ಪಾಠ ಮಾಡುವಾಗ ಪ್ರತಿ ವರ್ಷವೂ ನಾನು ಒಂದೇ ಪ್ರಶ್ನೆ ಕೇಳುತ್ತೇನೆ. ಸೊನ್ನೆ ಡಿಗ್ರಿಯ ಮಂಜುಗಡ್ಡೆಗೂ ಸೊನ್ನೆ ಡಿಗ್ರಿಯ ನೀರಿಗೂ ಏನು ವ್ಯತ್ಯಾಸ? ಥರ್ಮಾಮೀಟರು ಎರಡರಲ್ಲೂ ಸೊನ್ನೆಯನ್ನೇ ತೋರಿಸುತ್ತದೆ. ಆದರೆ ಒಂದು ಗ್ರಾಂ ಮಂಜುಗಡ್ಡೆ ನೀರಾಗಬೇಕಾದರೆ ಸುಮಾರು 80 ಕ್ಯಾಲೊರಿ ಉಷ್ಣ ನುಂಗಬೇಕು. ನುಂಗಿದ್ದು ಮಾತ್ರ ಮೇಲೆ ಕಾಣಿಸುವುದಿಲ್ಲ. ಇಷ್ಟು ವರ್ಷ ಈ ಪಾಠ ಹೇಳಿದ ನಾನೇ 2019ರ ಬೇಸಿಗೆ ರಜೆಯಲ್ಲಿ ಒಂದು ಮನೆಯ ಬೆಲೆ ನೋಡಿ ಏಮಾರುವುದರಲ್ಲಿದ್ದೆ.

ಮಗಳು, ಅಳಿಯಂದಿರು ಆಗ ಅಮೆರಿಕದ ಫ್ಲಾರಿಡಾ ರಾಜ್ಯದ ಬೋಕಾ ರಟೋನ್ ಊರಿನ ಹತ್ತಿರ ಬಾಡಿಗೆ ಮನೆಯಲ್ಲಿದ್ದರು. ಸ್ವಂತ ಮನೆ ಕೊಳ್ಳುವ ಮಾತು ನಡೆದಿತ್ತು. ಆ ಕಡೆ ಸಾಧಾರಣ ಮನೆಗೂ ಮೂರು ನಾಲ್ಕು ಲಕ್ಷ ಡಾಲರ್ ಹೇಳುತ್ತಿದ್ದರು. ಹೀಗಿರುವಾಗ ಒಂದು ಸಂಜೆ ಅಳಿಯಂದಿರು ಕಂಪ್ಯೂಟರಿನಲ್ಲಿ ಒಂದು ಮನೆ ತೋರಿಸಿದರು. ಎರಡು ಮಲಗುವ ಕೋಣೆ, ಮುಂದೊಂದು ಕೊಳ, ಕೊಳದಾಚೆ ಕಣ್ಣು ಹಾಯುವವರೆಗೂ ಹಸಿರು. ಬೆಲೆ 90 ಸಾವಿರ ಡಾಲರ್! ಆಗ ಡಾಲರಿಗೆ ಸುಮಾರು 70 ರೂಪಾಯಿ. ಮನಸ್ಸಿನಲ್ಲೇ ಗುಣಿಸಿದೆ: 63 ಲಕ್ಷ. ಬೆಂಗಳೂರಿನಲ್ಲಿ ಒಂದು ಫ್ಲಾಟಿಗೆ ಕೊಡುವ ದುಡ್ಡಿಗೆ ಅಮೆರಿಕದಲ್ಲಿ ಕೊಳದ ಮುಂದಿನ ಮನೆ.

"ಇನ್ನೇನು ಯೋಚನೆ ಪುಟ್ಟಿ? ಮುಂಗಡ ಕೊಟ್ಟುಬಿಡಿ. ಕಡಿಮೆ ಬಿದ್ದರೆ ತಿಪಟೂರಿನ ಸೈಟು ಮಾರ್ತೀನಿ" ಎಂದೆ. ನನ್ನವಳು ಗಾಬರಿಯಿಂದ ನನ್ನ ಮುಖ ನೋಡಿದಳು. ಆ ಸೈಟು ಸಂಬಳದಲ್ಲಿ ಹಿಡಿದು ಹಿಡಿದು ಕಂತು ಕಟ್ಟಿ ಕೊಂಡದ್ದು. ಮಗಳಿಗೂ ಆಸೆ ಹುಟ್ಟಿತು. "ನೀವು ರಿಟೈರ್ ಆದ್ಮೇಲೆ ಬಂದು ಇರೋಕೆ ಒಂದು ರೂಮಾಗುತ್ತೆ ಅಪ್ಪ" ಎಂದಳು. ಅಳಿಯಂದಿರು ಮಾತ್ರ, "ಕೆಳಗೆ ಏನೋ ಸಣ್ಣ ಅಕ್ಷರದಲ್ಲಿದೆ ಮಾವ, ವಿಚಾರಿಸೋಣ" ಎಂದರು. ನನಗೆ ಅದು ಪುಕ್ಕಲುತನವಾಗಿ ಕಂಡಿತು.

ಭಾನುವಾರ ಮನೆ ನೋಡಲು ಹೋದೆವು. ದೊಡ್ಡ ಗೇಟು, ಕಾವಲುಗಾರ, ಸಾಲು ಪಾಮ್ ಮರಗಳು. ಮಾರುತ್ತಿದ್ದಾಕೆ ಎಂಬತ್ತು ದಾಟಿದ ಅಮೆರಿಕನ್ ಅಜ್ಜಿ. ಒಳಗೆ ಕೂರಿಸಿ ನಿಂಬೆ ಪಾನಕ ಕೊಟ್ಟರು. ಕೋಣೆಯ ಮೂಲೆಯಲ್ಲಿ ಗಾಲ್ಫ್ ಕೋಲುಗಳ ಚೀಲವೊಂದು ಗೋಡೆಗೆ ಒರಗಿ ನಿಂತಿತ್ತು. ಅದು ಗಂಡನದು, ಆತ ತೀರಿಕೊಂಡು ಆರು ವರ್ಷವಾಗಿತ್ತು. ಆಕೆಗೆ ಮೊಣಕಾಲು ನೋವು, ಕ್ಲಬ್ಬಿನ ಈಜುಕೊಳದ ಕಡೆಗೂ ಹೋಗುವುದಿಲ್ಲ. ಆದರೂ ವರ್ಷಕ್ಕೆ 24 ಸಾವಿರ ಡಾಲರ್ ಕ್ಲಬ್ ಶುಲ್ಕ ಕಟ್ಟುತ್ತಿದ್ದರು.

"ಸದಸ್ಯತ್ವ ಬಿಟ್ಟುಬಿಡಬಹುದಲ್ಲ?" ಎಂದು ನನ್ನ ಮೇಷ್ಟ್ರ ಇಂಗ್ಲಿಷಿನಲ್ಲಿ ಕೇಳಿದೆ.

ಅಜ್ಜಿ ನಕ್ಕರು. "ಕ್ಲಬ್ ಬಿಡಬೇಕಾದರೆ ಮನೆ ಬಿಡಬೇಕು. ಮನೆ ಬಿಡಬೇಕಾದರೆ ಕ್ಲಬ್ಬನ್ನು ಹೊರಲು ಇನ್ನೊಬ್ಬರು ಬರಬೇಕು."

ಆ ಬಡಾವಣೆಯಲ್ಲಿ ಮನೆ ಕೊಂಡವರೆಲ್ಲ ಕ್ಲಬ್ಬಿನ ಸದಸ್ಯರಾಗಲೇಬೇಕು. ಪ್ರವೇಶಕ್ಕೇ 70 ಸಾವಿರ ಡಾಲರ್, ಆಮೇಲೆ ವರ್ಷವರ್ಷದ ಶುಲ್ಕ. ರಸ್ತೆ, ಕಾವಲಿನ ಖರ್ಚು ಬೇರೆ. ಬಾಕಿ ನಿಲ್ಲಿಸಿದರೆ ಅದು ಸಾಲದಂತೆ ಮನೆಯ ಮೇಲೆಯೇ ಕೂರುತ್ತದೆ, ಕೊನೆಗೆ ಮನೆ ಹರಾಜಿಗೂ ಬರಬಹುದು. ಅಜ್ಜಿ ಒಂದು ವರ್ಷದಿಂದ ಗಿರಾಕಿಗಾಗಿ ಕಾದು ಮೂರು ಸಲ ಬೆಲೆ ಇಳಿಸಿದ್ದರು. ಇಷ್ಟನ್ನೂ ಮುಚ್ಚಿಡದೆ ಹೇಳಿ, "ಲೆಕ್ಕ ಹಾಕಿ ನೋಡಮ್ಮ" ಎಂದು ಮಗಳ ಕೈ ತಟ್ಟಿದರು. ಮಾರುವ ಅವಸರ ಅವರಿಗಿತ್ತು, ಆದರೂ ಹಾಗೆ ಹೇಳಿದರು. ನಾನು ಆ ಅಜ್ಜಿಯನ್ನು ಮರೆತಿಲ್ಲ.

ಕಾರಿನಲ್ಲಿ ಲೆಕ್ಕ ಹಾಕಿದೆ. ಮನೆಗೆ 90 ಸಾವಿರ, ಪ್ರವೇಶಕ್ಕೆ 70 ಸಾವಿರ, ಹತ್ತು ವರ್ಷದ ಶುಲ್ಕ ಏರದೇ ಇದ್ದರೂ 2 ಲಕ್ಷ 40 ಸಾವಿರ. ಒಟ್ಟು 4 ಲಕ್ಷ ಡಾಲರ್. ಅಗ್ಗದ ಮನೆ ಗೇಟಿನ ಹೊರಗಿನ ಮನೆಯ ಬೆಲೆಗೇ ಬಂದು ನಿಂತಿತು. ಹೊರಗಿನ ಮನೆಯ ಸಾಲದ ಕಂತಾದರೋ ಒಂದು ದಿನ ತೀರುತ್ತದೆ. ಇದು ತೀರುವುದೇ ಇಲ್ಲ. ಸೈಟಿನ ಮಾತು ನಾನು ಮತ್ತೆ ಎತ್ತಲಿಲ್ಲ.

ಮಾರನೆಯ ದಿನದಿಂದ ಊರಿನ ಗ್ರಂಥಾಲಯಕ್ಕೆ ಹೋಗಿ ಕುಳಿತೆ. ಅಮೆರಿಕದಲ್ಲಿ ಅತಿ ಹೆಚ್ಚು ಗಾಲ್ಫ್ ಮೈದಾನಗಳಿರುವುದು ಫ್ಲಾರಿಡಾದಲ್ಲೇ, ಸಾವಿರಕ್ಕೂ ಮೇಲೆ. ಹದಿನೆಂಟು ಕುಳಿಯ ಒಂದು ಮೈದಾನಕ್ಕೆ ನೂರು, ನೂರೈವತ್ತು ಎಕರೆ ಬೇಕು. ನೀರು, ಗೊಬ್ಬರ, ಕೂಲಿಯ ಖರ್ಚು ಎಷ್ಟೆಂದು ಊಹಿಸಿಕೊಳ್ಳಿ. ಮೈದಾನ ತೋರಿಸಿ ಮನೆ ಮಾರುವ ಬಿಲ್ಡರು ಮನೆಗಳೆಲ್ಲ ಮಾರಾಟವಾದ ಮೇಲೆ ಹೊರಟುಹೋಗುತ್ತಾನೆ; ಮೈದಾನ ಉಳಿಯುತ್ತದೆ. ಅದನ್ನು ಸಾಕುವ ಹೊಣೆ ನಿವಾಸಿಗಳ ಮೇಲೆ. ಹಾಗಾಗಿ ಸದಸ್ಯತ್ವವನ್ನು ಮನೆಯ ಕಾಗದಪತ್ರಕ್ಕೇ ಗಂಟುಹಾಕಿದರು. 2006ರಿಂದ ಮುಂದೆ ಹಲವು ವರ್ಷ ಆ ದೇಶದಲ್ಲಿ ಹೊಸದಾಗಿ ತೆರೆದ ಮೈದಾನಗಳಿಗಿಂತ ಮುಚ್ಚಿದವೇ ಹೆಚ್ಚು. 2008ರಲ್ಲಿ ಮನೆ ಬೆಲೆಯೂ ಬಿತ್ತು. ಮನೆಗಿಂತ ಸದಸ್ಯತ್ವವೇ ದುಬಾರಿಯಾದದ್ದು ಹೀಗೆ.

ಇದಕ್ಕೆ ಬಲ ಕೊಟ್ಟ ಕಾನೂನಿನ ಕಥೆ ಇನ್ನೂ ಸ್ವಾರಸ್ಯವಾಗಿದೆ. ನ್ಯೂಯಾರ್ಕಿನ ಕ್ವೀನ್ಸ್ ಭಾಗದ ನೆಪೊನ್ಸಿಟ್ ಎಂಬ ಬಡಾವಣೆಯಲ್ಲಿ 1917ರಲ್ಲಿ ನಿವೇಶನ ಮಾರುವಾಗ, ರಸ್ತೆ, ಉದ್ಯಾನ, ಕಡಲತೀರ, ಚರಂಡಿಗಳ ನಿರ್ವಹಣೆಗೆ ವಂತಿಗೆ ಕೊಡಬೇಕೆಂದು ಕ್ರಯಪತ್ರದಲ್ಲೇ ಬರೆದಿದ್ದರು. ಮುಂದೆ ಆ ಆಸ್ತಿ ಹರಾಜಿನಲ್ಲಿ ಒಂದು ಬ್ಯಾಂಕಿನ ಕೈಗೆ ಬಂತು. "ಬರೆದುಕೊಟ್ಟದ್ದು ನಾವಲ್ಲ" ಎಂದಿತು ಬ್ಯಾಂಕು. 1938ರಲ್ಲಿ ಆ ರಾಜ್ಯದ ಅತ್ಯುನ್ನತ ನ್ಯಾಯಾಲಯ, ಕರಾರು ನೆಲಕ್ಕೆ ಅಂಟಿಕೊಂಡಿದೆ, ನೆಲ ಯಾರದೋ ವಂತಿಗೆಯೂ ಅವರದೇ ಎಂದಿತು. ಆರಂಭದಲ್ಲಿ ಆ ವಂತಿಗೆಯ ಮಿತಿ ನಿವೇಶನವೊಂದಕ್ಕೆ ವರ್ಷಕ್ಕೆ ನಾಲ್ಕು ಡಾಲರ್!

ಆ ತೀರ್ಪಿನಲ್ಲಿ ನನಗೆ ತಪ್ಪು ಕಾಣಲಿಲ್ಲ. ಚರಂಡಿ ಎಲ್ಲರ ಮನೆಯಿಂದಲೂ ಹರಿಯುತ್ತದೆ. ಒಬ್ಬ ಕೊಡದಿದ್ದರೆ ಎಲ್ಲರಿಗೂ ನಾತ. ನಮ್ಮೂರ ಜಾತ್ರೆಗೂ ಮನೆಗಿಷ್ಟೆಂದು ಪಟ್ಟಿ ಹಾಕುತ್ತಾರೆ, ಕೊಡುತ್ತೇವೆ. ಆದರೆ ಜಾತ್ರೆಗೆ ಚಂದಾ ಕೊಡಲಾಗದ ವಿಧವೆಯ ಮನೆಯನ್ನು ಯಾರೂ ಹರಾಜು ಹಾಕುವುದಿಲ್ಲ. ಚರಂಡಿ ಅಗತ್ಯ, ಗಾಲ್ಫ್ ಅಭಿರುಚಿ. ಚರಂಡಿಗಾಗಿ ಹುಟ್ಟಿದ ನಿಯಮದ ಹೆಗಲ ಮೇಲೆ ಗಾಲ್ಫ್ ಕೋಲಿನ ಚೀಲ ಹೊರಿಸಿದ್ದೇ ತೊಂದರೆಯ ಮೂಲ.

ಅಮೆರಿಕದ ಹುಚ್ಚು ಎಂದು ನಗುವಂತಿಲ್ಲ. ಬೆಂಗಳೂರಿನಲ್ಲಿ ಫ್ಲಾಟು ಕೊಂಡ ನನ್ನ ಅಕ್ಕನ ಮಗನಿಗೂ ಕ್ಲಬ್ ಹೌಸಿನ ಹೆಸರಿನಲ್ಲಿ ಬೇರೆಯಾಗಿಯೇ ಹಣ ಕಟ್ಟಿಸಿಕೊಂಡರು. ಈಜು ಬಾರದ ಅವನು ಪ್ರತಿ ತಿಂಗಳ ನಿರ್ವಹಣಾ ಶುಲ್ಕದಲ್ಲಿ ಈಜುಕೊಳದ ಕ್ಲೋರಿನ್ನಿಗೂ ಕೊಡುತ್ತಿದ್ದಾನೆ. ಸಾಮಾನ್ಯ ಸೌಲಭ್ಯಗಳನ್ನು ಬಳಸುವುದಿಲ್ಲ ಎಂಬ ಕಾರಣಕ್ಕೆ ಖರ್ಚಿನ ಪಾಲಿನಿಂದ ಯಾರೂ ತಪ್ಪಿಸಿಕೊಳ್ಳುವಂತಿಲ್ಲ ಎಂದು ನಮ್ಮ 1972ರ ಅಪಾರ್ಟ್‌ಮೆಂಟ್ ಒಡೆತನದ ಕಾಯ್ದೆಯೇ ಹೇಳುತ್ತದೆ. ಲಿಫ್ಟು, ನೀರಿನ ಪಂಪಿನ ಮಟ್ಟಿಗೆ ಅದು ನ್ಯಾಯವೇ. ಆದ್ದರಿಂದ ಕೊಳ್ಳುವ ಮುಂಚೆ ಇ.ಸಿ. ತೆಗೆಸಿದಷ್ಟೇ ಮುತುವರ್ಜಿಯಿಂದ ಎರಡು ಪ್ರಶ್ನೆ ಕೇಳಬೇಕು. ಕ್ಲಬ್ ಹೌಸಿನ ಒಡೆಯರು ಯಾರು, ನಿವಾಸಿಗಳೋ ಬಿಲ್ಡರೋ? ಬೇಡವೆಂದರೆ ಬಿಡಬಹುದೋ ಇಲ್ಲವೋ?

ಮಗಳು, ಅಳಿಯಂದಿರು ಮುಂದೆ ಗೇಟಿಲ್ಲದ ಬೀದಿಯಲ್ಲಿ ಸಣ್ಣ ಮನೆ ಕೊಂಡರು. ಕೊಳವಿಲ್ಲ, ಹಿತ್ತಲಿನಲ್ಲಿ ಒಂದು ಮಾವಿನ ಗಿಡವಿದೆ. ಕೋವಿಡ್ ಕಾಲದಲ್ಲಿ ಜನ ಫ್ಲಾರಿಡಾಕ್ಕೆ ನುಗ್ಗಿದಾಗ, 2021ರಲ್ಲಿ ಅಜ್ಜಿಯ ಮನೆಯೂ ಮಾರಾಟವಾಯಿತೆಂದು ಮಗಳು ಫೋನಿನಲ್ಲಿ ಹೇಳಿದಳು. ಕೊಂಡವರು ಗಾಲ್ಫ್ ಆಡುವವರಂತೆ. ಕೇಳಿ ಸಮಾಧಾನವಾಯಿತು.

ಈಗ ಸುಪ್ತ ಉಷ್ಣದ ಪಾಠದ ಕೊನೆಯಲ್ಲಿ ಮಕ್ಕಳಿಗೆ ಈ ಮನೆಯ ಲೆಕ್ಕವನ್ನೂ ಕೊಡುತ್ತೇನೆ. ಹೋದ ವರ್ಷ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ಕೇಳಿದ: "ಸಾರ್, ನೀರು ಮತ್ತೆ ಮಂಜುಗಡ್ಡೆ ಆಗುವಾಗ ನುಂಗಿದ ಉಷ್ಣ ವಾಪಸ್ ಕೊಡುತ್ತಲ್ಲ. ಕ್ಲಬ್ಬಿನವರು ಕೊಡ್ತಾರಾ?"

ಅವನಿಗೆ ಪೂರ್ತಿ ಅಂಕ ಕೊಟ್ಟೆ.